ಒಣ ಕಾಲುವೆಯ ಗುಂಟ

ನೀರು ಹರಿಯುವ ಕಾಲುವೆಯ ದಂಡೆಯ ಮೇಲೆ ನಡೆಯುವವನನ್ನು ನಮ್ಮ ಕಡೆ ಯಾರೂ ಏನೂ ಕೇಳುವುದಿಲ್ಲ. ಈಜಲಿಕ್ಕೆ ಹೊರಟಿರಬೇಕು, ಇಲ್ಲವೆ ಎತ್ತು ಮೈತೊಳೆಯಲಿಕ್ಕೆ, ಅದೂ ಅಲ್ಲದಿದ್ದರೆ ಮನೆಯಲ್ಲಿ ಜಗಳಾಡಿ ಗಾಳಿಗೆ ಬಂದಿರಬೇಕು ಎಂದು ತಾವೇ ಒಂದು ಕಾರಣ ಹಚ್ಚಿ ಸುಮ್ಮನಾಗುತ್ತಾರೆ. ನೀರಿಲ್ಲದ ಕಾಲುವೆಯೊಳಗೆ ಇಳಿದು ನಡೆದು ನೋಡಿ. ಹತ್ತು ಮಾರು ಹೋಗುವಷ್ಟರಲ್ಲಿ ಮಗ್ಗುಲಿನ ಹೊಲದಿಂದ ಒಂದು ತಲೆ ಏಳುತ್ತದೆ.

"ಏನ್ ಕಳಕೊಂಡೀರಿ ಸರ?"

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸೀಮೆಯಲ್ಲಿ ಪಾಳುಬಿದ್ದ ಕಾಲುವೆಗಳ ಜಾಡು ಹಿಡಿದು ತಿರುಗುವುದು ನನಗೆ ಹತ್ತಿದ ಚಟ. ಕೆಲವರು ಗುಡಿ ನೋಡುತ್ತಾರೆ, ಕೆಲವರು ಹಕ್ಕಿ ನೋಡುತ್ತಾರೆ. ನಾನು ನೀರು ಹೋಗಿದ್ದ ದಾರಿ ನೋಡುತ್ತೇನೆ. ಏನೂ ಕಳೆದುಕೊಂಡಿಲ್ಲ, ಸುಮ್ಮನೆ ನೋಡಲಿಕ್ಕೆ ಬಂದೆ ಎಂದರೆ ಯಾರೂ ನಂಬುವುದಿಲ್ಲ. ಸುಮ್ಮನೆ ನೋಡಲಿಕ್ಕೆ ಬರುವವರಿಂದಲೇ ಈ ಭಾಗದ ರೈತರಿಗೆ ಹೆಚ್ಚು ತ್ರಾಸಾದದ್ದು. ಕಪ್ಪತಗುಡ್ಡದ ಸೆರಗಿನಲ್ಲಿ ಕಳೆದ ಶತಮಾನದ ಮೊದಲ ವರ್ಷಗಳಲ್ಲೇ ಕಂಪನಿಗಳು ಬಂಗಾರಕ್ಕಾಗಿ ಸುರಂಗ ತೋಡಿ ಹೋದವು. ಆಮೇಲೆ ಗಾಳಿಯಂತ್ರದವರು ಬಂದರು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಮುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು, ಯೋಜನೆ ಹಿಂದೆ ಸರಿಯಿತು. ಅಂದಮೇಲೆ ಕೈಯಲ್ಲಿ ಮೊಬೈಲು ಹಿಡಿದು, ನೆಲ ನೋಡುತ್ತ, ಆಗಾಗ ನಿಂತು ಫೋಟೊ ಹೊಡೆಯುವ ಪರವೂರಿನವನು ಸರ್ವೆಯವನಾಗಿರಬೇಕು, ಇಲ್ಲವೆ ನಿಧಿ ಹುಡುಕುವವನಾಗಿರಬೇಕು. ಇವೆರಡೂ ಅಲ್ಲ ಎಂದು ಖಾತ್ರಿಯಾಗಲು ಒಂದು ಚಾ ಕುಡಿಯುವಷ್ಟು ಹೊತ್ತು ಬೇಕು. ಖಾತ್ರಿಯಾದ ಮೇಲೆ ಆಗುವುದು ಇನ್ನೂ ದೊಡ್ಡ ಕೆಲಸ. ಪ್ಲಾಸ್ಟಿಕ್ ಚೀಲದಿಂದ ಹೊಲದ ಉತಾರ ಹೊರಗೆ ಬರುತ್ತದೆ. ಕಾಲುವೆಗೆ ಎಷ್ಟು ಗುಂಟೆ ಹೋಯಿತು, ಪರಿಹಾರ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾರು ಯಾರ ಹೆಸರು ಸೇರಿಸಿದರು ಎಂಬುದೆಲ್ಲ ತಿಳಿದ ಮೇಲೆಯೇ ಮುಂದಿನ ಹೆಜ್ಜೆ.

ಇಲ್ಲಿಯ ಕಾಲುವೆಗಳ ಗುಣ ತಿಳಿಯಬೇಕಾದರೆ ಮೊದಲು ನೆಲ ನೋಡಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ, ಅದೂ ಬಂದರೆ ಬಂತು. ನಡುವೆ ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ಮೂರು ತಾಲ್ಲೂಕುಗಳಿಗೂ ಚಾಚಿ ಮಲಗಿದೆ; 2019ರಲ್ಲಿ ಅದರ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗುಡ್ಡದ ಬುಡದಲ್ಲಿ ಕೆಂಪು ಮಸಾರಿ ಮಣ್ಣು, ದೂರ ಸರಿದಂತೆ ಕಪ್ಪು ಎರೆ ಮಣ್ಣು. ದಕ್ಷಿಣದ ಅಂಚಿಗೆ ತುಂಗಭದ್ರೆ. ಹೊಳೆ ಇದೆಯಲ್ಲ, ನೀರಿಗೇನು ಬರ ಎಂದು ನಕಾಶೆ ಬಿಡಿಸಿದವರು ಕೇಳುತ್ತಾರೆ. ಹೊಳೆ ತಗ್ಗಿನಲ್ಲಿದೆ, ಹೊಲಗಳು ಎತ್ತರದಲ್ಲಿವೆ, ಉತ್ತರ ಅಷ್ಟೇ. ಹೊಳೆಯ ನೀರು ತಾನಾಗಿ ಈ ಹೊಲಗಳಿಗೆ ಹತ್ತಿ ಬರುವುದಿಲ್ಲ. ಹೀಗಾಗಿ ಹಿಂದಿನವರು ಹೊಳೆಯ ಗೊಡವೆ ಬಿಟ್ಟು, ಗುಡ್ಡದಿಂದ ಇಳಿಯುವ ಹಳ್ಳಗಳಿಗೆ ಒಡ್ಡು ಹಾಕಿ ಕೆರೆ ಕಟ್ಟಿದರು, ಕೆರೆಯ ತೂಬಿನಿಂದ ಕಾಲುವೆ ತೆಗೆದರು. ಹೊಳೆಯ ನೀರು ಮೇಲೆ ಬರಲು ಕರೆಂಟು ಬರುವ ತನಕ ಕಾಯಬೇಕಾಯಿತು. ಈ ಸೀಮೆಯ ಹಳೆಯ ಕಾಲುವೆಗಳು ಕೆರೆಯ ಮಕ್ಕಳು, ಹೊಸ ಕಾಲುವೆಗಳು ಪಂಪಿನ ಮಕ್ಕಳು. ಎರಡೂ ಜಾತಿಯಲ್ಲಿ ಪಾಳುಬಿದ್ದವು ಇವೆ. ಬಿದ್ದ ಕಾರಣಗಳು ಮಾತ್ರ ಬೇರೆ ಬೇರೆ.

ಹಳೆಯದು ನೋಡಬೇಕೆಂದರೆ ಡಂಬಳಕ್ಕೆ ಹೋಗಬೇಕು. ಗದಗದಿಂದ ಆಗ್ನೇಯಕ್ಕೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹೊರಗಿನವರು ಅಲ್ಲಿಗೆ ಹೋಗುವುದು ದೊಡ್ಡಬಸಪ್ಪನ ಗುಡಿಗೆ. 24 ಮೂಲೆಗಳ ನಕ್ಷತ್ರದ ಆಕಾರದಲ್ಲಿ ಎದ್ದ ಕಲ್ಯಾಣ ಚಾಲುಕ್ಯರ ಕಾಲದ ಆ ಗೋಡೆಯ ಸುತ್ತ ಒಂದು ಸುತ್ತು ಹಾಕಿ, ಒಳಗಿನ ದೊಡ್ಡ ನಂದಿಗೆ ಕೈಮುಗಿದು, ಬಿಸಿಲು ಏರುವ ಮುಂಚೆ ಹೊರಟುಬಿಡುತ್ತಾರೆ. ಊರಿಗೆ ಹಿಂದೆ ಧರ್ಮವೊಳಲು ಎಂಬ ಹೆಸರಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಶಾಸನವೊಂದು ಇಲ್ಲಿ 16 ಮಂದಿ ಶೆಟ್ಟರು ಬೌದ್ಧ ವಿಹಾರ ಕಟ್ಟಿಸಿದ್ದನ್ನು ಹೇಳುತ್ತದೆ. ಹದಿನಾರು ಜನ ವ್ಯಾಪಾರಿಗಳು ಒಂದು ಕೆಲಸಕ್ಕೆ ಒಪ್ಪಿ ದುಡ್ಡು ಹಾಕಿದರೆಂಬ ಸಂಗತಿ ನನಗೆ ವಿಹಾರಕ್ಕಿಂತ ದೊಡ್ಡ ಅಚ್ಚರಿ. ಈಗ ಬೀದಿಯ ಗಟಾರಕ್ಕೆ ಎಂಟು ಮನೆಯವರು ಒಪ್ಪುವುದಿಲ್ಲ. ಇಂಥ ಊರಿನ ಕೆರೆಗೆ ವಿಕ್ಟೋರಿಯಾ ಮಹಾರಾಣಿ ಕೆರೆ ಎಂಬ ಹೆಸರೂ ಅಂಟಿಕೊಂಡಿದೆ. ಮಹಾರಾಣಿ ಈ ನೀರನ್ನು ಕಂಡವಳಲ್ಲ, ಈ ನೀರು ಉಂಡವರು ಮಹಾರಾಣಿಯನ್ನು ಕಂಡವರಲ್ಲ.

ಕೆರೆಯ ಏರಿಯ ಮೇಲೆ ನಿಂತವರು ಸಾಮಾನ್ಯವಾಗಿ ನೀರಿನ ಕಡೆ ಮುಖ ಮಾಡುತ್ತಾರೆ. ಕಾಲುವೆಯ ಚಟ ಇದ್ದವನು ಬೆನ್ನು ತಿರುಗಿಸಿ ನಿಲ್ಲಬೇಕು. ಏರಿಯ ಕೆಳಗಿನ ಹೊಲಗಳ ಬದುಗಳು ಒಂದು ಕಡೆಯಿಂದ ನೆಟ್ಟಗೆ ಬರುತ್ತ ಬರುತ್ತ ಎಲ್ಲೋ ಒಮ್ಮೆ ಕಾರಣವಿಲ್ಲದೆ ಬಾಗಿದರೆ ಅಲ್ಲಿ ಅನುಮಾನ ಪಡಬೇಕು. ಮನುಷ್ಯ ಮಾಡಿದ ದಾರಿ ಹತ್ತಿರದ ಹಾದಿ ಹುಡುಕುತ್ತದೆ, ಏರು ಬಂದರೂ ಹತ್ತಿಬಿಡುತ್ತದೆ. ಕಾಲುವೆಗೆ ಆ ಸ್ವಾತಂತ್ರ್ಯವಿಲ್ಲ. ಒಂದೇ ಮಟ್ಟ ಹಿಡಿದು, ಸಾವಿರ ಅಡಿಗೆ ಅರ್ಧ ಅಡಿಯೋ ಒಂದು ಅಡಿಯೋ ಇಳಿಯುತ್ತ, ದಿಬ್ಬ ಬಂದರೆ ಬಳಸುತ್ತ, ತಗ್ಗು ಬಂದರೆ ತಗ್ಗಿನ ತಲೆಯವರೆಗೆ ಹೋಗಿ ತಿರುಗಿ ಬರುತ್ತ ಸಾಗಬೇಕು. ಅದಕ್ಕೇ ಪಾಳುಬಿದ್ದ ಕಾಲುವೆಯ ಗುಂಟ ನಡೆದರೆ ಉಸಿರು ಏರುವುದಿಲ್ಲ. ಕಣ್ಣಿಗೆ ಏನೂ ಕಾಣದ ಹೊಲದಲ್ಲೂ ಕಾಲಿಗೆ ಅದು ಗೊತ್ತಾಗುತ್ತದೆ.

ಇನ್ನೂ ಕುರುಹುಗಳುಂಟು. ತಗ್ಗಿನ ಕಡೆಯ ದಂಡೆ ಯಾವಾಗಲೂ ಎತ್ತರ, ಗುಡ್ಡದ ಕಡೆಯದು ಗಿಡ್ಡ. ಅಗೆದ ಮಣ್ಣನ್ನೆಲ್ಲ ತಗ್ಗಿನ ಕಡೆಗೇ ಒಟ್ಟಿರುತ್ತಾರೆ. ಸುತ್ತ ಬಯಲಿದ್ದು, ಬೇವು, ಹುಲಗಲ ಗಿಡಗಳು ಮಾತ್ರ ಸಾಲು ಹಿಡಿದು ಬಾಗುತ್ತ ಹೋಗಿದ್ದರೆ ಅವು ಒಂದು ಕಾಲದಲ್ಲಿ ನೀರುಂಡ ಗಿಡಗಳು. ಎರೆ ಹೊಲದ ನಡುವೆ ಬೂದುಬಣ್ಣದ ಪಟ್ಟಿಯೊಂದು ಕಂಡರೆ ಅದು ಹೂಳು. ಹೊಲದ ಮೂಲೆಯಲ್ಲಿ ನಡುವೆ ತೂತು ಕೊರೆದ ಕಲ್ಲು ಬಿದ್ದಿದ್ದರೆ ಅದು ನೀರು ಬಿಡುವ ಕಲ್ಲು. ಈಗ ಅದು ಬಟ್ಟೆ ಒಗೆಯುವ ಕಲ್ಲಾಗಿರಬಹುದು, ಕರೆವ್ವನ ಕಟ್ಟೆ ಸೇರಿ ಅರಿಸಿನ ಕುಂಕುಮ ಹಚ್ಚಿಸಿಕೊಂಡಿರಲೂಬಹುದು. ದೇವರಾದ ಕಲ್ಲಿಗೆ ಹೆಚ್ಚು ಆಯುಸ್ಸು.

ಇಂಥದೊಂದು ಜಾಡಿನಲ್ಲಿ ನನಗೆ ಒಬ್ಬ ಅಜ್ಜ ಸಿಕ್ಕ. ಊರಿನ ಹೆಸರು ಬೇಡ. ಅಜ್ಜನ ಅಳಿಯ ಇನ್ನೂ ಅದೇ ಊರಿನಲ್ಲಿದ್ದಾನೆ. ಅಜ್ಜ ತರುಣನಿದ್ದಾಗ ಆ ಊರ ಕೆರೆಯ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಯಾವ ಹೊತ್ತು ನೀರು ಎಂದು ಪಾಳಿ ನೋಡುವುದು ಅವನ ಕೆಲಸ. ಕೂಲಿ ಎಂದರೆ ಸುಗ್ಗಿಯಲ್ಲಿ ಪ್ರತಿ ಹೊಲದ ಕಣದಿಂದ ಇಷ್ಟು ಕಾಳು. ಅವನ ಕಾಲುವೆ ಈಗ ಒಂದು ಮಾರು ಅಗಲದ ತಗ್ಗು, ತುಂಬ ಬಳ್ಳಾರಿ ಜಾಲಿ.

"ನಡುರಾತ್ರಿ ಕಳ್ಳತನದಿಂದ ಮೋರಿ ತೆಗದ ನನ್ನ ಅಳಿಯನ ಸಲಕಿ ಕಸಗೊಂಡಿದ್ನಿ ತಮ್ಮಾ. ಆರ ತಿಂಗಳ ಮಗಳ ಮನೀಗೆ ಹೋಗಿಲ್ಲ. ಹಬ್ಬಕ್ಕ ಕರೀಲಿಲ್ಲ ಅವ."

"ಸಲಕಿ ಕೊಟ್ರೋ ಇಲ್ಲೋ ಅಜ್ಜಾರ?"

"ಹೆಂಗ ಕೊಡ್ಲಿ? ದಂಡ ಕಟ್ಟಬೇಕಲಾ."

ಮಳೆ ಬೀಳುವ ಮುಂಚೆ ಮನೆಗೆ ಒಂದಾಳಿನಂತೆ ಬಂದು ತಮ್ಮ ತಮ್ಮ ಹೊಲದ ಮುಂದಿನ ಹೂಳು ತಾವೇ ತೆಗೆಯುತ್ತಿದ್ದರಂತೆ. ತುದಿಯ ಹೊಲದವನಿಗೆ ತಲೆಯ ಹೊಲದವನ ಮುಂದಿನದನ್ನೂ ಬಂದು ನೋಡುವ ಅಧಿಕಾರ ಇತ್ತಂತೆ, ಯಾಕೆಂದರೆ ಅಲ್ಲಿ ಹೂಳಿದ್ದರೆ ಒಣಗುವುದು ಇವನ ಹೊಲ. ಕೆರೆ ಅರ್ಧ ತುಂಬಿದ ವರ್ಷ ಇನ್ನೊಂದು ಏರ್ಪಾಟು: ತುದಿಯವರೆಗೆ ನೀರು ಎಳೆದು ದಾರಿಯಲ್ಲೇ ಇಂಗಿಸುವ ಬದಲು, ತುದಿಯವರಿಗೆ ಆ ವರ್ಷದ ಮಟ್ಟಿಗೆ ತೂಬಿನ ಬುಡದಲ್ಲೇ ಒಂದೊಂದು ಮಡಿ ಬಿಟ್ಟುಕೊಡುವುದು. ತಮ್ಮ ಹೊಲದಲ್ಲಿ ಬೇರೆಯವರು ಬಿತ್ತಲು ತಲೆಯವರು ಒಪ್ಪುತ್ತಿದ್ದರೇ ಎಂದು ಕೇಳಿದೆ. "ಬೈಕೋತ ಒಪ್ಪತಿದ್ರು" ಎಂದ ಅಜ್ಜ.

ಆಮೇಲೇನಾಯಿತು ಎಂಬುದನ್ನು ಅಜ್ಜ ಹೇಳಬೇಕಾಗಿರಲಿಲ್ಲ. ಕಾಲುವೆಯ ತಲೆಯ ಕಡೆಯ ಹೊಲದಲ್ಲಿ ಮೊದಲು ಬೋರು ಬಿತ್ತು. ಬೋರು ಇದ್ದವನಿಗೆ ಪಾಳಿ ಬೇಡ, ಪಾಳಿ ಬೇಡವಾದವನು ಹೂಳು ತೆಗೆಯಲು ಬರಲಿಲ್ಲ. ಅವನ ಹೊಲದ ಮುಂದೆ ಹೂಳು ನಿಂತಿತು, ಕೆಳಗಿನವನಿಗೆ ನೀರು ಬರಲಿಲ್ಲ, ಅವನೂ ಸಾಲ ತೆಗೆದು ಬೋರು ಹಾಕಿಸಿದ. ಹೀಗೆ ಒಂದೊಂದೇ ಹೊಲ ದಾಟುತ್ತ ತುದಿ ಮುಟ್ಟುವ ಹೊತ್ತಿಗೆ ನೀರಗಂಟಿಗೆ ಕಾಳು ಕೊಡುವವರು ಯಾರೂ ಉಳಿಯಲಿಲ್ಲ. ಕೆರೆಯಲ್ಲಿ ನೀರಿದ್ದ ವರ್ಷಗಳಲ್ಲೂ ಕಾಲುವೆ ಒಣಗಿಯೇ ಇತ್ತು. ಈಗ ಬೋರುಗಳೂ ಬತ್ತಿವೆ. ಕಾಲುವೆ ಇದ್ದಾಗ ಇಂಗುತ್ತಿದ್ದ ನೀರೇ ಬೋರಿನಲ್ಲಿ ಬರುತ್ತಿತ್ತೆಂದು ಯಾರೋ ಆಫೀಸರು ಬಂದು ಹೇಳಿ ಹೋದರಂತೆ. ತಿಳಿದದ್ದೇ ತಡವಾಗಿ, ಅದೂ ಪವರ್ ಪಾಯಿಂಟಿನಲ್ಲಿ.

ಅದಕ್ಕೇ ನನಗೊಂದು ಗಟ್ಟಿ ಅಭಿಪ್ರಾಯ ಉಂಟು. ಕಾಲುವೆ ಪಾಳುಬೀಳುವುದು ನೀರು ನಿಂತ ದಿನವಲ್ಲ, ಹೂಳಿಗೆ ಆಳು ಬಾರದ ದಿನ. ಇದಕ್ಕೆ ತುಂಗಭದ್ರೆಯೇ ಸಾಕ್ಷಿ. ಇದೇ ಹೊಳೆಯ ಗುಂಟ ಕೆಳಗೆ ಹೋದರೆ, ಹಂಪಿಯ ಎದುರು ದಂಡೆಯಲ್ಲಿ, ವಿರೂಪಾಪುರಗಡ್ಡೆಯ ಕಡೆ, ಬುಕ್ಕನ ಮೇಲ್ಗಾಲುವೆ ಎಂದು ಕರೆಯುವ ಕಲ್ಲಿನ ಕಟ್ಟಡ ನಿಂತಿದೆ. ಬಂಡೆಗಳ ಮೇಲೆ ಕಲ್ಲಿನ ಕಂಬ, ಕಂಬಗಳ ಮೇಲೆ ನೀರು ಹರಿಯುವ ದೋಣಿ. ಅಲ್ಲಲ್ಲಿ ಮುರಿದು ಅಂತರದಲ್ಲಿ ನಿಂತಿದೆ. ಪ್ರವಾಸಿಗರು ಅದರ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಳೆಯ ಈಚೆ ದಂಡೆಯಲ್ಲಿ ಅದೇ ವಿಜಯನಗರದವರು ತೆಗೆದ ತುರ್ತು ಕಾಲುವೆ ಇವತ್ತಿಗೂ ಹರಿಯುತ್ತಿದೆ. ಹಂಪಿಯ ಬಾಳೆ, ಕಬ್ಬು ಅದರ ನೀರಿನವು. ಹೊಳೆ ಒಂದೇ, ಕಲ್ಲು ಒಂದೇ, ಕಟ್ಟಿದವರ ವಿದ್ಯೆಯೂ ಒಂದೇ. ಒಂದಕ್ಕೆ ವರ್ಷಾವರ್ಷ ದುರಸ್ತಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಆ ಕಾಲದ ವಿದ್ಯೆ ಸಣ್ಣದಾಗಿರಲಿಲ್ಲ. 1388ರ ಪೆನುಗೊಂಡೆಯ ಕಡೆಯ ಶಾಸನವೊಂದು, ಯುವರಾಜ ಪ್ರತಾಪ ಬುಕ್ಕರಾಯನ ಅಪ್ಪಣೆಯಂತೆ ಪೆನ್ನಾರ್ ನದಿಯ ನೀರನ್ನು ಸಿರುವೆರದ ಕೆರೆಗೆ ತಂದ ಜಲಸೂತ್ರದ ಸಿಂಗಾಯ ಭಟ್ಟನ ಹೆಸರು ಹೇಳುತ್ತದೆ. ಎಂಜಿನಿಯರನ ಹೆಸರು ಕಲ್ಲಿನ ಮೇಲೆ ಉಳಿಯಿತು. ಕೆರೆ ಕಾಲುವೆಗಳ ದುರಸ್ತಿಗೆಂದೇ ಬಿಟ್ಟ ಹೊಲಗಳ ಲೆಕ್ಕವೂ ಕನ್ನಡ ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕಟ್ಟಿಸಿದ ರಾಜನಿಗಿಂತ ದುರಸ್ತಿಗೆ ಹೊಲ ಬಿಟ್ಟ ಗೌಡನ ಮೇಲೆ ನನಗೆ ಗೌರವ ಹೆಚ್ಚು.

ಇಂಗ್ಲೆಂಡಿನಲ್ಲಿ ಪಾಳುಗಾಲುವೆ ಹುಡುಕಿ ನಡೆಯುವುದನ್ನೇ ಹವ್ಯಾಸ ಮಾಡಿಕೊಂಡವರು ಸಾವಿರಾರು ಮಂದಿ. ಅಲ್ಲಿಯ ಕಾಲುವೆಗಳು ಹೊಲಕ್ಕಲ್ಲ, ಕಲ್ಲಿದ್ದಲು ಹೊತ್ತ ದೋಣಿಗಳಿಗೆ ತೋಡಿದವು. ರೈಲು ಬಂದ ಮೇಲೆ ಒಂದೊಂದಾಗಿ ಹೂತುಹೋದವು. 1946ರಲ್ಲಿ ಅಲ್ಲಿ ಒಳನಾಡಿನ ಜಲಮಾರ್ಗಗಳ ಸಂಘವೊಂದು ಹುಟ್ಟಿತು. ರಜೆಯ ದಿನ ಗುದ್ದಲಿ ಹಿಡಿದು ಹೊರಟ ಹವ್ಯಾಸಿಗಳ ದುಡಿಮೆಯೂ ಸೇರಿ ಕೆನೆಟ್–ಏವನ್ ಕಾಲುವೆ 1990ರಲ್ಲಿ ಮತ್ತೆ ತೆರೆಯಿತು. ನಮ್ಮಲ್ಲಿ ಹೂಳು ತೆಗೆಯುವುದು ಹವ್ಯಾಸವಲ್ಲ, ಖಾತ್ರಿ ಕೆಲಸ. ಉದ್ಯೋಗ ಖಾತ್ರಿಯಲ್ಲಿ ಹೆಣ್ಣುಮಕ್ಕಳು ಸಾಲು ನಿಂತು ಬುಟ್ಟಿ ದಾಟಿಸಿ ತೆಗೆದ ಕಾಲುವೆಗಳನ್ನು ನಾನು ನೋಡಿದ್ದೇನೆ. ಅಂಚು ಕತ್ತರಿಸಿದ ಅಂದ ನೋಡಬೇಕು. ಒಂದೇ ಕೊರತೆ. ಹೂಳು ತೆಗೆದವರಲ್ಲಿ ಆ ನೀರಿನ ಪಾಲುದಾರರು ಇರುವುದಿಲ್ಲ, ಪಾಲುದಾರರಲ್ಲಿ ಹೂಳು ತೆಗೆದವರು ಇರುವುದಿಲ್ಲ.

ಹೊಸ ಕಾಲುವೆಗಳ ಕತೆ ಬೇರೆ. ಅವುಗಳಲ್ಲಿ ಕೆಲವು ನೀರು ಕುಡಿಯುವ ಮುಂಚೆಯೇ ಮುಪ್ಪಾಗಿವೆ. ಕಾಂಕ್ರೀಟಿನ ಇಳಿಜಾರಿನ ಮೇಲೆ ಮೆಣಸಿನಕಾಯಿ ಒಣ ಹಾಕಿರುತ್ತಾರೆ, ತಳದಲ್ಲಿ ಗೋವಿನಜೋಳದ ರಾಶಿ, ಇನ್ನೊಂದು ತಿರುವಿನಲ್ಲಿ ಹುಡುಗರು ವಿಕೆಟ್ ನೆಟ್ಟಿರುತ್ತಾರೆ. ಚೆಂಡು ಎತ್ತ ಹೊಡೆದರೂ ತಿರುಗಿ ತಳಕ್ಕೇ ಬರುತ್ತದೆ, ಫೀಲ್ಡಿಂಗಿನ ತ್ರಾಸಿಲ್ಲ. ಕಣ ಮಾಡಲು ಇಷ್ಟು ಗಟ್ಟಿ ನೆಲ ಸರಕಾರ ಬೇರೆಲ್ಲೂ ಕೊಟ್ಟಿಲ್ಲ ಎಂದು ಒಬ್ಬರು ಹೇಳಿದರು. ಅವರ ಮುಖದಲ್ಲಿ ವ್ಯಂಗ್ಯ ಕಾಣಲಿಲ್ಲ, ನಿಜವಾಗಿ ಉಪಕಾರ ಸ್ಮರಿಸುತ್ತಿದ್ದರು.

ಆದರೆ ಗಟ್ಟಿ ನೆಲವೂ ಬಹಳ ದಿನ ಗಟ್ಟಿ ಇರುವುದಿಲ್ಲ. ಕೆಳಗಿರುವುದು ಎರೆ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಹಾಕಿದ ಕಾಂಕ್ರೀಟು ಹಪ್ಪಳದಂತೆ ಎದ್ದು ಮುರಿಯುತ್ತದೆ. ಮಲಪ್ರಭಾ ಕಾಲುವೆಗಳನ್ನು ಎರೆಯ ಸೀಮೆಯಲ್ಲಿ ತೆಗೆಯುವಾಗ ಈ ತ್ರಾಸು ದೊಡ್ಡದಾಗಿ ಎದುರಾಯಿತು. ಮುಂಬಯಿಯ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಎರೆಯ ಬೆನ್ನು ಹತ್ತಿ ಕಂಡುಕೊಂಡ ಉಪಾಯ ಕೇಳಲು ಸರಳ: ಎರೆಗೂ ಕಾಂಕ್ರೀಟಿಗೂ ನಡುವೆ, ಉಬ್ಬದ ಆದರೆ ಅಂಟುವ ಗುಣ ಇರುವ ಬೇರೆ ಮಣ್ಣಿನ ದಪ್ಪ ಪದರ ಹಾಸಿ ಕುಟ್ಟುವುದು. ಮಸಾರಿ ಜಾತಿಯ ಮಣ್ಣು ಈ ಕೆಲಸಕ್ಕೆ ಒದಗುತ್ತದೆ. ಆ ಪದರ ಮೇಲಿನಿಂದ ಒತ್ತಿ ಹಿಡಿದು ಎರೆಯ ಉಬ್ಬರವನ್ನು ಅಡಗಿಸುತ್ತದೆ. ಮುರಿದ ಹೊಸ ಕಾಲುವೆಯ ಬಾಯಲ್ಲಿ ಕೈಹಾಕಿ ನೋಡಿದರೆ ಆ ಪದರ ಹಾಕಿದ್ದಾರೋ, ಬಿಲ್ಲಿನಲ್ಲಿ ಮಾತ್ರ ಹಾಕಿದ್ದಾರೋ ಬಣ್ಣದಿಂದಲೇ ಗೊತ್ತಾಗುತ್ತದೆ. ಕಪ್ಪಿನ ಮೇಲೆ ನೇರ ಬಿಳಿ ಕಂಡರೆ ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಂತ್ರಾಟದಾರರ ಕಡೆಯವರು ಬಂದು ಏನು ಕಳಕೊಂಡೀರಿ ಎಂದು ಕೇಳಿದರೆ ಹೇಳಲು ಉತ್ತರ ಇರುವುದಿಲ್ಲ.

ನೀರು ಬಾರದ ಕಾಲುವೆಗೆ ಕರ ಕಟ್ಟಬೇಕಾಗಿ ಬಂದಾಗ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಬಲ್ಲದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ನೀರು ನರಗುಂದ, ನವಲಗುಂದಗಳ ಕಡೆ ಹರಿಯಬೇಕಿತ್ತು. ಸರಿಯಾಗಿ ಹರಿಯುವ ಮುಂಚೆಯೇ ಅಭಿವೃದ್ಧಿ ಕರ, ನೀರಿನ ಕರದ ಬಾಕಿ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರಾಯಿತು, ಜೀವ ಹೋದವು. ಆ ಬಂಡಾಯದ ಬಿಸಿ ರಾಜ್ಯದ ತುಂಬ ಹರಡಿ ಅದೇ ವರ್ಷ ರೈತ ಸಂಘ ಹುಟ್ಟಿತು, 1983ರ ಚುನಾವಣೆಯಲ್ಲಿ ಸರಕಾರವೇ ಹೋಯಿತು. ನರಗುಂದದ ವೀರಗಲ್ಲಿನ ಮುಂದೆ ಪ್ರತಿ ಜುಲೈ 21ಕ್ಕೆ ಹಸಿರು ಶಾಲುಗಳು ಸೇರುತ್ತವೆ. ಕಾಲುವೆಯ ವಿಷಯ ತೆಗೆದರೆ ಗದಗ ಜಿಲ್ಲೆಯ ಹಿರಿಯ ರೈತರ ದನಿ ತಟ್ಟನೆ ಗಡಸಾಗುವುದಕ್ಕೆ ಆ ದಿನ ಒಂದು ಕಾರಣ.

ಮುಂಡರಗಿಯ ಕಡೆ ಈಗಿನ ಮಾತೆಲ್ಲ ಸಿಂಗಟಾಲೂರು ಏತ ನೀರಾವರಿಯದು. ಹಮ್ಮಿಗಿಯ ಹತ್ತಿರ ತುಂಗಭದ್ರೆಗೆ ಬ್ಯಾರೇಜು ಕಟ್ಟಿ, ಪಂಪಿನಿಂದ ನೀರೆತ್ತಿ ಗದಗ, ಕೊಪ್ಪಳದ ಕಡೆಗೂ ಹೊಳೆಯ ಆಚೆಯ ಹೂವಿನಹಡಗಲಿಯ ಕಡೆಗೂ ಹರಿಸುವ ಲೆಕ್ಕ. ಹಿನ್ನೀರಿಗೆ ಸಿಕ್ಕ ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರಗಳ ಸ್ಥಳಾಂತರ ವರ್ಷಗಟ್ಟಲೆ ಎಳೆಯಿತು. ಊರು ಖಾಲಿಯಾಗದೆ ಬ್ಯಾರೇಜು ತುಂಬ ನೀರು ನಿಲ್ಲಿಸುವಂತಿಲ್ಲ, ನೀರು ನಿಲ್ಲದೆ ಕಾಲುವೆಯ ತುದಿ ತೋಯುವಂತಿಲ್ಲ. ನಡುವೆ ಯೋಜನೆಯ ಒಂದು ಪಾಲನ್ನು ಹರಿ ನೀರಾವರಿ ಬಿಟ್ಟು ಹನಿ ನೀರಾವರಿಗೆ ತಿರುಗಿಸಿದರು. ಇರುವಷ್ಟೇ ನೀರಿನಲ್ಲಿ ಹೆಚ್ಚು ಹೊಲ ನೆನೆಸುವ ಆಲೋಚನೆ ತಪ್ಪಲ್ಲ. ಆದರೆ ನೀರು ಪೈಪಿನೊಳಗೆ ಹೊಕ್ಕ ಮೇಲೆ ಅದರ ಗುಂಟ ನಡೆಯುವ ಹಾಗಿಲ್ಲ. ಕಾಲುವೆಯಲ್ಲಿ ಎಲ್ಲಿ ಒಡೆದಿದೆ, ಯಾರು ಕದ್ದಿದ್ದಾರೆ ಎಂದು ದನ ಕಾಯುವ ಹುಡುಗನಿಗೂ ಕಾಣುತ್ತಿತ್ತು. ಪೈಪಿನ ಗುಟ್ಟು ಕಂಪನಿಯ ಮನುಷ್ಯನಿಗೇ ಗೊತ್ತು, ಅವನು ಫೋನು ಎತ್ತುವುದಿಲ್ಲ. ಸಿಂಗಟಾಲೂರಿನ ನೀರು ಕೆರೆ ತುಂಬಿಸುವುದಕ್ಕೂ ಬಳಕೆಯಾಗುತ್ತಿದೆ, ಡಂಬಳದ ಕೆರೆಗೂ ಬಂದದ್ದುಂಟು. ನನಗೆ ಇದು ಆ ಯೋಜನೆಯ ಅತ್ಯಂತ ಜಾಣ ಕೆಲಸ ಎನಿಸುತ್ತದೆ. ಪಂಪು ಎತ್ತಿದ ನೀರು ಹಳೆಯ ಕೆರೆಗೆ ಬಿದ್ದು, ಅಲ್ಲಿಂದ ಮುಂದೆ ಹಳೆಯವರು ಹಾಕಿಕೊಟ್ಟ ಮಟ್ಟದಲ್ಲೇ ಇಳಿಯಬಹುದು, ಆ ಕಾಲುವೆಗಳ ಜಾಡು ಉಳಿದಿದ್ದರೆ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಬಿದ್ದದ್ದು ಕೆರೆಯಿಂದ ಹೊರಡುವ ಕಾಲುವೆಯಲ್ಲ, ಕೆರೆಗೆ ನೀರು ತರುವ ಕಾಲುವೆ. ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಹತ್ತಿರದ ಮಾಗಡಿ ಕೆರೆಯನ್ನು ಎಲ್ಲರೂ ಬಲ್ಲರು. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದು ಇಳಿಯುತ್ತವೆ, 2024ರಲ್ಲಿ ಕೆರೆಗೆ ರಾಮ್‌ಸಾರ್ ತಾಣದ ಮಾನ್ಯತೆಯೂ ಬಂತು. ಬಾತುಗಳು ಹಗಲು ನೀರಿನಲ್ಲಿ ತೇಲಿ, ಹೊತ್ತು ನೋಡಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅವುಗಳನ್ನು ನೋಡಲು ಬಂದವರು ದುರ್ಬೀನು ಹಿಡಿದು ಕೆರೆಯ ಕಡೆ ನೋಡುವಾಗ ನಾನು ಮೇಲಿನ ಹೊಲಗಳ ಕಡೆ ನಡೆಯುತ್ತೇನೆ. ಇಂಥ ಕೆರೆಗಳಿಗೆ ಮಳೆನೀರು ಬರುವ ದಾರಿಗಳು ಕಾಲುವೆಯೆಂದು ಹೇಳಿಸಿಕೊಳ್ಳುವಷ್ಟೂ ದೊಡ್ಡವಲ್ಲ. ಮೊಳಕಾಲು ಆಳದ ಒಂದು ಗೀರು, ಪಕ್ಕಕ್ಕೆ ಒಂದು ಬದು. ನೇಗಿಲ ಎರಡು ಸಾಲು ಅತ್ತ ಸರಿದರೆ ಮುಗಿಯಿತು. ಟ್ರ್ಯಾಕ್ಟರಿಗಂತೂ ಅದು ಕಾಣುವುದೇ ಇಲ್ಲ. ಈ ಸೀಮೆಯ ಹಳೆಯ ಕಾಗದಗಳೂ ಒಂದೆಡೆ ಇಲ್ಲ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಡಂಬಳ ಬ್ರಿಟಿಷರದ್ದು. ಹಳ್ಳ ಒಂದು ರಾಜ್ಯದಲ್ಲಿ ಹುಟ್ಟಿ ಇನ್ನೊಂದು ರಾಜ್ಯದ ಕೆರೆ ಸೇರುತ್ತಿದ್ದ ಕಾಲ ಅದು.

ಕಾಗದದಲ್ಲಿ ಸಿಗದಿದ್ದರೂ ಉತಾರದಲ್ಲಿ ಒಂದು ಎಳೆ ಉಳಿದಿರುತ್ತದೆ. ಉತಾರದ ಮೂರನೆಯ ಕಾಲಮ್ಮಿನಲ್ಲಿ ಹೊಲದ ಒಟ್ಟು ವಿಸ್ತೀರ್ಣದ ಕೆಳಗೆ 'ಅ' ಖರಾಬು, 'ಬ' ಖರಾಬು ಎಂದು ಎರಡು ಲೆಕ್ಕ ಇರುತ್ತವೆ. 'ಅ' ಎಂದರೆ ಕಲ್ಲು ಗುಂಡು ಇದ್ದು ಉಳುಮೆಗೆ ಬಾರದ ನೆಲ. 'ಬ' ಎಂದರೆ ದಾರಿ, ಹಳ್ಳ, ಕಾಲುವೆಯಂಥ ಊರಿಗೆಲ್ಲ ಸೇರಿದ ನೆಲ; ಅದಕ್ಕೆ ಕಂದಾಯ ಇಲ್ಲ, ಮಾರುವ ಹಕ್ಕೂ ಇಲ್ಲ. ನೆಲದ ಮೇಲೆ ಕಾಲುವೆ ಮಾಯವಾದ ಎಷ್ಟೋ ವರ್ಷಗಳ ಮೇಲೂ ಆ ಕಾಲಮ್ಮಿನಲ್ಲಿ ಮೂರೋ ನಾಲ್ಕೋ ಗುಂಟೆಯಾಗಿ ಅದು ಕುಳಿತಿರುತ್ತದೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ ನಿಂತ ಜಾಗದ ಸರ್ವೆ ನಂಬರು ಕೈಯಲ್ಲೇ ಬರುತ್ತದೆ. ಒಂದರ ಪಕ್ಕ ಒಂದು ಸರ್ವೆ ನಂಬರಿನಲ್ಲಿ ಇಂಥ ತುಣುಕುಗಳು ಸಾಲಾಗಿ ಸಿಗುತ್ತ ಹೋದರೆ ಅದೇ ಕಾಲುವೆ. ಗ್ರಾಮ ನಕಾಶೆಯ ಮೇಲೆ ಪೆನ್ಸಿಲಿನಿಂದ ಅವನ್ನು ಜೋಡಿಸಿದಾಗ, ಕಾಲಿಗೆ ಗೊತ್ತಾಗಿದ್ದ ಬಾಗು ಕಾಗದದ ಮೇಲೂ ಬಂತೆಂದರೆ ಆ ದಿನದ ಚಾ ನನ್ನ ಲೆಕ್ಕದಲ್ಲಿ.

ಮುಂದಿನ ಸಲ ನಾಡಕಚೇರಿಗೆ ಉತಾರ ತೆಗೆಸಲು ಹೋದಾಗ ನೀವೂ ಆ ಕಾಲಮ್ಮು ನೋಡಿ. 'ಬ' ಖರಾಬು ಇದ್ದು, ಹೊಲದಲ್ಲಿ ದಾರಿಯೂ ಹಳ್ಳವೂ ಕಾಣದಿದ್ದರೆ ಊರಿನ ಹಿರಿಯರೊಬ್ಬರನ್ನು ಮುಂದೆ ಮಾಡಿಕೊಂಡು ಆ ಜಾಗಕ್ಕೆ ಹೋಗಿ, ಗುರುತು ಹಾಕಿ, ಪಂಚಾಯಿತಿಗೆ ಒಂದು ಅರ್ಜಿ ಕೊಡಿ. ನೀರಗಂಟಿಯಾಗಿ ದುಡಿದವರು ಊರಿಗೆ ಒಬ್ಬಿಬ್ಬರೇ ಉಳಿದಿದ್ದಾರೆ, ತಡ ಮಾಡಬೇಡಿ. ಹಿಂಗಾರಿ ಸುಗ್ಗಿ ಮುಗಿದ ಮೇಲೆ, ಬೆಳಗಿನ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಹೊಲದವರನ್ನು ಕೇಳಿಯೇ ಇಳಿಯಿರಿ. ಕಾಲಿಗೆ ಬೂಟು ಇರಲಿ. ಎರೆಯ ಬಿರುಕಿನಲ್ಲಿ ಹಾವು ಇರುತ್ತವೆ.